ಬಾಡಿಗೆದಾರರಿರುವ ಮನೆ

ಆ ವರ್ಷಗಳಲ್ಲಿ ಅಗ್ರಹಾರದಲ್ಲಿ ಮನೆ ಮಾರುವ ಸುದ್ದಿಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬೋರ್ಡು ಹಾಕುತ್ತಿರಲಿಲ್ಲ, ಪತ್ರಿಕೆಗೆ ಕೊಡುತ್ತಿರಲಿಲ್ಲ. ಸಂಜೆ ಹೊತ್ತು ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡ ದಲ್ಲಾಳಿ ಯಾರದೋ ಜಗಲಿಯ ಮೇಲೆ ಕೂತು ಕಾಫಿ ಕುಡಿದು ಎದ್ದುಹೋದರೆ, ಮಾರನೆಯ ದಿನ ಬೀದಿ ನಲ್ಲಿಯ ಹತ್ತಿರ ಹೆಂಗಸರು ದನಿ ತಗ್ಗಿಸಿ ಆ ಮನೆಯ ಮಾತೆತ್ತುತ್ತಿದ್ದರು. ಮಾರುವವರು ಮಾತ್ರ ಮನೆ ಕೈಬಿಟ್ಟು ಹೋಗುವ ದಿನದವರೆಗೂ ಏನೂ ಆಗಿಲ್ಲವೆಂಬಂತೆ ಬಾಗಿಲಿಗೆ ರಂಗೋಲಿ ಇಡುತ್ತಿದ್ದರು.

ಸ್ವಾತಂತ್ರ್ಯ ಬಂದು ರಾಜ್ಯದ ಆಡಳಿತ ಸರ್ಕಾರದ ಕೈಗೆ ಹೋದ ಮೇಲೆ ಅರಮನೆಯನ್ನು ನಂಬಿಕೊಂಡಿದ್ದ ಮನೆಗಳು ಮೆಲ್ಲಗೆ ಸಡಿಲವಾದವು. ಉಗ್ರಾಣ, ಲಾಯ, ದೀಪದ ಇಲಾಖೆ ಎಂದು ತಲೆಮಾರುಗಳಿಂದ ಕೆಲಸ ಮಾಡಿದವರು ಒಬ್ಬೊಬ್ಬರಾಗಿ ಮನೆಯಲ್ಲಿ ಕೂತರು. ದೊಡ್ಡ ತೊಟ್ಟಿಮನೆಗಳ ನಡುವೆ ಹಲಗೆಯ ಗೋಡೆ ಎದ್ದು, ಹಿಂದಿನ ಅರ್ಧ ಬಾಡಿಗೆಗೆ ಹೋಯಿತು. ಆದರೆ ಬಾಡಿಗೆಗೆ ಕೊಟ್ಟ ಮನೆಯನ್ನು ಬಿಡಿಸಿಕೊಳ್ಳುವುದು ಸುಲಭವಿರಲಿಲ್ಲ. ಬಾಡಿಗೆದಾರರನ್ನು ಮನಸ್ಸಿಗೆ ಬಂದಾಗ ಎಬ್ಬಿಸಬಾರದು, ಬಾಡಿಗೆಯನ್ನು ಮನಸ್ಸಿಗೆ ಬಂದಷ್ಟು ಏರಿಸಬಾರದು ಎಂದು ಕಾನೂನಿತ್ತು. ಹಾಗಾಗಿ ಖಾಲಿ ಮನೆಗೆ ಒಂದು ಬೆಲೆ, ಬಾಡಿಗೆದಾರರಿರುವ ಮನೆಗೆ ಅದರ ಅರ್ಧ ಬೆಲೆ. ಈ ವಿಷಯ ನನಗೆ ಇಷ್ಟು ಚೆನ್ನಾಗಿ ಗೊತ್ತಿರುವುದಕ್ಕೆ ಕಾರಣ, ಅಂಥ ಒಂದು ಮನೆಯ ಬೆಲೆಯನ್ನು ಅರ್ಧಕ್ಕೆ ಇಳಿಸಿದ ಬಾಡಿಗೆದಾರರು ನಾವೇ. ನಾನು ಮತ್ತು ನಮ್ಮವ್ವ.

ನಾವು ಒಕ್ಕಲು ಮಕ್ಕಳು. ಕಾವೇರಿ ನಾಲೆಯ ಕಡೆಯ ಊರು. ಅಪ್ಪ ನನ್ನನ್ನು ಮೈಸೂರಿನ ಹಾಸ್ಟೆಲಿನಲ್ಲಿಟ್ಟು ಓದಿಸಿದರು. ನನ್ನ ಟೀಚರ್ಸ್ ಟ್ರೈನಿಂಗ್ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ನನಗೆ ಕೆಲಸ ಸಿಕ್ಕಾಗ, ಊರಿನ ಜಮೀನನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಅವ್ವ ನನ್ನ ಜೊತೆ ಬಂದಳು. ಗಂಡಸರಿಲ್ಲದ ಸಂಸಾರಕ್ಕೆ ಮನೆ ಕೊಡುವವರು ಆಗ ಇರಲಿಲ್ಲವೆಂದೇ ಹೇಳಬೇಕು. ಕೊಟ್ಟವರು ಒಬ್ಬರೇ. ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದ ಬ್ರಾಹ್ಮಣರು. ಅವರ ಮಗಳು ನಾನಿದ್ದ ಹಾಸ್ಟೆಲಿನ ಪಕ್ಕದ ಶಾಲೆಯಲ್ಲಿ ಓದಿದವಳು, ನನಗೆ ಪರಿಚಯ. ಆಕೆ ಮದುವೆಯಾಗಿ ಕೃಷ್ಣಮೂರ್ತಿಪುರಂಗೆ ಹೋಗಿದ್ದಳು. ಅವಳು ಹೇಳಿದಳೆಂದು ಯಜಮಾನರು ಮನೆಯ ಹಿಂದಿನ ಭಾಗ ಕೊಟ್ಟರು. ಎರಡು ಕೋಣೆ, ಅಡುಗೆಮನೆ, ಪಕ್ಕದ ಸಂದಿಯಿಂದ ಬೇರೆ ಬಾಗಿಲು. ಮನೆಯಲ್ಲಿ ಮಾಂಸ ಬೇಯಿಸಬಾರದು ಎಂಬುದೊಂದೇ ನಿಯಮ. ಅದನ್ನೂ ಅವರು ಎಷ್ಟು ಸಂಕೋಚದಿಂದ ಹೇಳಿದರೆಂದರೆ, ಅವ್ವನೇ ಅವರ ಮಾತನ್ನು ಪೂರ್ತಿ ಮಾಡಬೇಕಾಯಿತು. ಊರಿಗೆ ಹೋದಾಗ ಉಂಡರಾಯಿತು, ಇಲ್ಲಿ ಬೇಡ ಎಂದು ಅವಳು ಒಪ್ಪಿಕೊಂಡಳು, ಒಪ್ಪಿದ ಹಾಗೆ ನಡೆದುಕೊಂಡಳು.

ಕೆಲವು ವರ್ಷ ಹೀಗೆ ಸುಖವಾಗಿ ಕಳೆಯಿತು. ಯಜಮಾನರ ಹೆಂಡತಿಯನ್ನು ನಾವು ಅಮ್ಮಾವ್ರು ಎನ್ನುತ್ತಿದ್ದೆವು. ಅವರು ಮಡಿ ಹೆಂಗಸು. ಅವ್ವ ಮುಟ್ಟಿದ್ದನ್ನು ಮುಟ್ಟುತ್ತಿರಲಿಲ್ಲ. ಆದರೆ ಮಧ್ಯಾಹ್ನವೆಲ್ಲ ಹಿತ್ತಲ ಕಟ್ಟೆಯ ಮೇಲೆ ಒಂದು ಮೊಳ ದೂರ ಬಿಟ್ಟು ಕೂತು ಅವ್ವನ ಜೊತೆ ಅವರೆಕಾಯಿ ಬಿಡಿಸುತ್ತಿದ್ದರು. ಆ ಒಂದು ಮೊಳದ ಆಚೆ ಈಚೆ ಇಬ್ಬರೂ ಹೇಳಿಕೊಳ್ಳದ ವಿಷಯವಿರಲಿಲ್ಲ.

ಮನೆ ಮಾರುವ ಸುದ್ದಿಯೂ ನಮಗೆ ಗೊತ್ತಾಗಿದ್ದು ಆ ಕಟ್ಟೆಯ ಮೇಲೆಯೇ. ಮನೆ ಯಜಮಾನರೊಬ್ಬರದಲ್ಲ, ಮೂವರು ಅಣ್ಣತಮ್ಮಂದಿರದು. ಉಳಿದಿಬ್ಬರು ಪರವೂರಿನಲ್ಲಿ ಕೆಲಸದಲ್ಲಿದ್ದರು. ಅವರಿಗೆ ಪಾಲು ಬೇಕಾಯಿತು. ಜಗಳವೇನೂ ಇರಲಿಲ್ಲ. ಅವರವರ ಮಕ್ಕಳು ದೊಡ್ಡವರಾಗಿದ್ದರು, ಅವರವರ ಖರ್ಚು ಅವರಿಗೆ. ಯಜಮಾನರ ಉಗ್ರಾಣದ ಕೆಲಸವೂ ಅಷ್ಟು ಹೊತ್ತಿಗೆ ಇದ್ದೂ ಇಲ್ಲದ ಹಾಗಿತ್ತು. ಅವರಿಬ್ಬರ ಪಾಲನ್ನು ತಾವೇ ಕೊಂಡುಕೊಳ್ಳುವ ಶಕ್ತಿ ಇರಲಿಲ್ಲ. ದಲ್ಲಾಳಿ ಬಂದು ಮನೆಯನ್ನೆಲ್ಲ ನೋಡಿ, ಹಿಂದೆ ಇರುವವರನ್ನು ಮೊದಲು ಖಾಲಿ ಮಾಡಿಸಿ, ಆಮೇಲೆ ಬೆಲೆಯ ಮಾತು ಎಂದು ಹೇಳಿಹೋದನಂತೆ. ಅದನ್ನು ನಮಗೆ ಹೇಳಲು ಯಜಮಾನರಿಗೆ ಬಾಯಿ ಬರಲಿಲ್ಲ. ಅಮ್ಮಾವ್ರು ಅವರೆಕಾಯಿ ಬಿಡಿಸುತ್ತ ಬಿಡಿಸುತ್ತ ಕಣ್ಣೊರೆಸಿಕೊಂಡು ಅವ್ವನಿಗೆ ಹೇಳಿದರು.

ನಾನು ಶಾಲೆಯಿಂದ ಬಂದಾಗ ಅವ್ವ ವಿಷಯ ಹೇಳಿದಳು. ಮತ್ತೆ ಮನೆ ಹುಡುಕಬೇಕೆಂದರೆ ಏನೆಂದು ನನಗೆ ಗೊತ್ತಿತ್ತು. ಶಾಲೆಯಲ್ಲಿ ನನ್ನ ಜೊತೆಯ ಟೀಚರೊಬ್ಬರು, ಕಾನೂನು ನಿಮ್ಮ ಕಡೆ ಇದೆ, ಜಾಗ ಬಿಟ್ಟು ಅಲುಗಬೇಡಿ, ಬೇಕಾದರೆ ಅವರೇ ಕೋರ್ಟಿಗೆ ಹೋಗಲಿ ಎಂದು ಬುದ್ಧಿ ಹೇಳಿದರು. ಅದನ್ನು ಬಂದು ಅವ್ವನಿಗೆ ಹೇಳಿದೆ.

“ಯಾರೂ ಮನೆ ಕೊಡ್ದೆ ಇದ್ದಾಗ ಕೊಟ್ಟೋರು ಕಣವ್ವ ಅವರು,” ಎಂದಳು ಅವ್ವ. “ಅವರ್ನ ಕೋರ್ಟ್ಗೆ ನಿಲ್ಸಿ, ಅವರ ಮನೇಲೆ ನಾವು ಎಂಗೆ ಅನ್ನ ಉಣ್ಣದು? ಬುಡು ಆ ಮಾತ.”

ನಾನು ಬಿಟ್ಟೆ. ಮಾರನೆಯ ದಿನ ನಾನೇ ಮುಂದಿನ ಬಾಗಿಲಿಗೆ ಹೋಗಿ, ಮನೆ ಹುಡುಕಿಕೊಳ್ಳುತ್ತೇವೆ, ಸ್ವಲ್ಪ ಕಾಲಾವಕಾಶ ಕೊಡಿ ಎಂದೆ. ಯಜಮಾನರು ನೆಲ ನೋಡುತ್ತ, ಒಬ್ಬಳೇ ಹೋದರೆ ಯಾರೂ ಕೊಡುವುದಿಲ್ಲ, ಹುಡುಕುವುದಕ್ಕೆ ತಾವೂ ಜೊತೆಗೆ ಬರುವುದಾಗಿ ಹೇಳಿದರು.

ಹಾಗೆ ಶುರುವಾಯಿತು ನಮ್ಮ ಓಡಾಟ. ನಾವು ಮನೆ ಬಿಡಬೇಕಾಗಿದ್ದವರು, ನಮ್ಮನ್ನು ಬಿಡಿಸಬೇಕಾಗಿದ್ದವರು ಅವರು. ಭಾನುವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದೆವು. ಅವರು ಜರಿಯಂಚಿನ ಪೇಟ ಸುತ್ತಿ, ಮುಚ್ಚುಗೊರಳಿನ ಕೋಟು ತೊಟ್ಟು ಅರಮನೆಗೆ ಹೋಗುವಾಗಿನಷ್ಟೇ ಅಚ್ಚುಕಟ್ಟಾಗಿ ಬರುತ್ತಿದ್ದರು. ಪೇಟ ಕಂಡರೆ ಬಾಗಿಲು ತೆರೆಯುತ್ತಾರೆ ಎಂಬುದು ಅವರ ನಂಬಿಕೆ. ಬಾಗಿಲೇನೋ ತೆರೆಯುತ್ತಿತ್ತು.

ಕೃಷ್ಣಮೂರ್ತಿಪುರಂನ ಒಂದು ಮನೆಯಲ್ಲಿ ಒಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮನೆಯಲ್ಲಿ ಗಂಡಸರು ಯಾರಿದ್ದಾರೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, “ನಾನಿದೀನಿ,” ಎಂದರು. ನೀವೂ ಇಲ್ಲೇ ಇರುತ್ತೀರಾ ಎಂದು ಆಕೆ ಕೇಳಿದಾಗ, ಇಲ್ಲ, ಹೇಳಿಕಳಿಸಿದರೆ ಬರುತ್ತೇನೆ ಎಂದು ತಡವರಿಸಿದರು. ಅಷ್ಟಕ್ಕೆ ಆ ಮನೆ ಮುಗಿಯಿತು.

ಇನ್ನೊಂದು ಮನೆ ನನಗೆ ಬಹಳ ಹಿಡಿಸಿತ್ತು. ಗಾಳಿ ಬೆಳಕಿನ ಮನೆ, ಹಿತ್ತಲಲ್ಲಿ ಕರಿಬೇವಿನ ಗಿಡ, ಶಾಲೆಗೂ ಹತ್ತಿರ. ಮಾಲೀಕರು ನಿವೃತ್ತ ಮೇಷ್ಟರು. ನಾನು ಟೀಚರೆಂದು ಕೇಳಿ ಸಂತೋಷಪಟ್ಟು ಕುರ್ಚಿ ಹಾಕಿದರು. ಮಾತು ಜಾತಿಗೆ ಬಂತು, ಜಾತಿಯಿಂದ ಅಡುಗೆಮನೆಗೆ ಬಂತು. ಯಜಮಾನರು ಉತ್ಸಾಹದಿಂದ ನಮ್ಮ ಪರವಾಗಿ ಹೇಳತೊಡಗಿದರು. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಕೆಟ್ಟ ವಾಸನೆ ಬರಲಿಲ್ಲ, ಬಾಡಿಗೆ ಒಂದು ತಿಂಗಳೂ ತಡವಾಗಲಿಲ್ಲ, ಒಂದು ಗಟ್ಟಿ ಮಾತಿಲ್ಲ, ನನ್ನ ಹೆಂಡತಿಗೆ ಜ್ವರ ಬಂದಾಗ ಇವರ ತಾಯಿ ಬಾಗಿಲ ಹೊರಗೆ ಕೂತು ಕಾದರು ಎಂದೆಲ್ಲ ಹೇಳಿದರು.

ಮೇಷ್ಟರು ಎಲ್ಲ ಕೇಳಿಸಿಕೊಂಡು, “ಇಷ್ಟು ಒಳ್ಳೆಯವರನ್ನ ನೀವೇ ಇಟ್ಕೋಬಹುದಲ್ಲ ಸ್ವಾಮಿ?” ಎಂದರು.

ಕುಹಕದಿಂದ ಕೇಳಿದ್ದಲ್ಲ, ಅವರಿಗೆ ನಿಜವಾಗಿಯೂ ಅನುಮಾನ ಬಂದಿತ್ತು. ಯಜಮಾನರು ಎದ್ದು ನಮಸ್ಕಾರ ಮಾಡಿದರು. ವಾಪಸ್ಸು ಬರುವಾಗ ಅಗ್ರಹಾರದ ಸರ್ಕಲ್ಲು ದಾಟಿದ ಮೇಲೆ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬೀದಿಯಲ್ಲಿ ಅವರ ಬರಿತಲೆಯನ್ನು ನಾನು ಕಂಡಿದ್ದು ಅದೇ ಮೊದಲು.

ಆಮೇಲೆ ಅವ್ವನನ್ನೂ ಕರೆದುಕೊಂಡು ಉದಯಗಿರಿಯ ಕಡೆಗೂ ಹೋದೆವು. ಆಗ ಅದು ಊರ ಹೊರಗೆ. ಅಲ್ಲೊಂದು ಇಲ್ಲೊಂದು ಮನೆ, ನಡುವೆ ಬಯಲು, ಕಳ್ಳಿಯ ಬೇಲಿ. ಹೊಸದಾಗಿ ಕಟ್ಟಿದ ಹೆಂಚಿನ ಮನೆಗಳ ಸಾಲೊಂದಿತ್ತು. ಅದರ ಮಾಲೀಕ ಗಾಡಿಯ ಚಕ್ರ ಮಾಡುವ ಸಾಬರು. ಜಾತಿ ಕೇಳಲಿಲ್ಲ, ಗಂಡಸರು ಯಾರೆಂದೂ ಕೇಳಲಿಲ್ಲ. ಯಾವಾಗ ಬರುತ್ತೀರಿ ಎಂದಷ್ಟೇ ಕೇಳಿದರು. ಅವ್ವನಿಗೆ ಬಯಲು ಹಿಡಿಸಿತು. ನನಗೆ ಸಂಜೆ ಶಾಲೆ ಬಿಟ್ಟು ದೀಪವಿಲ್ಲದ ಆ ದಾರಿಯಲ್ಲಿ ನಡೆದು ಬರುವುದು ನೆನೆದು ಭಯವಾಯಿತು. ಒಂದು ವಾರ ಯೋಚಿಸಿ, ಬೇರೆ ದಾರಿ ಕಾಣದೆ ಒಪ್ಪಿಕೊಳ್ಳೋಣವೆಂದು ಹೋದಾಗ ಆ ಮನೆ ಬೇರೆಯವರಿಗೆ ಹೋಗಿಬಿಟ್ಟಿತ್ತು. ಅಲ್ಲಿ ಒಂದು ಗಳಿಗೆ ಮನಸ್ಸು ಹಗುರವಾಯಿತು, ಮನೆಗೆ ಬರುವಷ್ಟರಲ್ಲಿ ಮತ್ತೆ ಭಾರವಾಯಿತು.

ಈ ಮಧ್ಯೆ ಮನೆ ನೋಡುವವರು ಬರತೊಡಗಿದ್ದರು. ದಲ್ಲಾಳಿ ಯಜಮಾನರಿಗೆ ಹೊಸದೊಂದು ಉಪಾಯ ಹೇಳಿಕೊಟ್ಟಿದ್ದ. ನಾವು ಹೇಗಿದ್ದರೂ ಬಿಡುವವರು ತಾನೇ, ಬಂದವರಿಗೆ ಬಾಡಿಗೆದಾರರಿದ್ದಾರೆಂದು ಹೇಳುವುದೇ ಬೇಡ ಎಂದು. ನೋಡುವವರು ಬರುವ ದಿನ ನಾವು ಹಗ್ಗದ ಮೇಲಿನ ಬಟ್ಟೆ ತೆಗೆದು, ಸಂದಿಯ ಬಾಗಿಲಿಗೆ ಚಿಲಕ ಹಾಕಿ, ಪಕ್ಕದ ಬೀದಿಯ ದೇವಸ್ಥಾನದಲ್ಲಿ ಹೋಗಿ ಕೂರುತ್ತಿದ್ದೆವು. ನಾನು ಮಕ್ಕಳ ಪುಸ್ತಕ ತಿದ್ದುತ್ತಿದ್ದೆ. ಅವ್ವ ಕಂಬಕ್ಕೆ ಒರಗಿ ಸುಮ್ಮನೆ ಕೂರುತ್ತಿದ್ದಳು. ಪೂಜಾರಿಗಳು ನಮ್ಮ ಭಕ್ತಿ ಹೆಚ್ಚಾಯಿತೆಂದುಕೊಂಡು ಅವ್ವನಿಗೆ ಹೋದಾಗಲೆಲ್ಲ ಹೂವು ಕೊಡತೊಡಗಿದರು. ನಮ್ಮ ಪಾತ್ರೆ, ನಮ್ಮ ಚಾಪೆ ಎಲ್ಲವೂ ಅಮ್ಮಾವ್ರದೆಂದು ಬಂದವರಿಗೆ ತೋರಿಸುತ್ತಿದ್ದರಂತೆ. ಅವ್ವನ ರಾಗಿ ಮುದ್ದೆ ಕೋಲನ್ನು ಮಾತ್ರ ಎಲ್ಲಿ ಅಡಗಿಸುವುದೆಂದು ಅಮ್ಮಾವ್ರಿಗೆ ತಿಳಿಯುತ್ತಿರಲಿಲ್ಲವಂತೆ. ಅದನ್ನು ಕೇಳಿ ಅವ್ವ ಆ ದಿನಗಳಲ್ಲಿ ಮೊದಲ ಸಲ ನಕ್ಕಳು.

ಕೊನೆಗೆ ಒಬ್ಬರು ನಿವೃತ್ತ ಅಧಿಕಾರಿ ಮನೆ ಒಪ್ಪಿದರು. ಅದೇ ಜನ, ಅದೇ ಮಠ. ಬೀದಿಯವರಿಗೆಲ್ಲ ಸಮಾಧಾನ. ಯುಗಾದಿಯೊಳಗೆ ಇಡೀ ಮನೆ ಖಾಲಿಯಾಗಿ ಕೈಗೆ ಬರಬೇಕು ಎಂದು ಅವರು ಹೇಳಿದರು. ಮುಂಗಡ ಕೊಡುವುದಕ್ಕೆ ಒಳ್ಳೆಯ ದಿನವನ್ನೂ ನೋಡಿದರು. ಯುಗಾದಿ ದೂರವಿರಲಿಲ್ಲ. ನಮಗೆ ಮನೆ ಸಿಕ್ಕಿರಲಿಲ್ಲ. ಅವ್ವ ಊರಿಗೆ ಹೋಗಿಬಿಡುತ್ತೇನೆ, ನೀನು ಎಲ್ಲಾದರೂ ಹಾಸ್ಟೆಲಿನಲ್ಲಿರು ಎಂದು ಒಂದು ದಿನ ಹೇಳಿದಳು. ನಾನು ಅವಳ ಮೇಲೆ ರೇಗಿದೆ. ರೇಗಿದ್ದು ಅವಳ ಮೇಲಲ್ಲ, ಅದು ನಿಜವಾಗಬಹುದೆಂಬ ಭಯಕ್ಕೆ.

ಹೀಗಿರುವಾಗ ಅವ್ವ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಪಾದ ಊದಿ, ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಆ ಭಾನುವಾರ ಯಜಮಾನರು ಮಗಳ ಮನೆಗೆ ಹೋಗಿದ್ದರು. ಅಮ್ಮಾವ್ರು ಮುಂದಿನ ಬಾಗಿಲು ಹಾಕಿಕೊಂಡು ಪೂಜೆಗೆ ಕೂತಿದ್ದರು. ನೋಡುವವರು ಯಾರೂ ಬರುವ ದಿನವಲ್ಲ. ನಾನು ಅವ್ವನ ಕಾಲಿಗೆ ಹುಣಿಸೆಹಣ್ಣಿನ ಪಟ್ಟು ಹಾಕುತ್ತಿದ್ದೆ. ಸಂದಿಯಲ್ಲಿ ಚಪ್ಪಲಿ ಸದ್ದಾಯಿತು. ದಟ್ಟ ಮೀಸೆಯ ಒಬ್ಬ ಗಂಡಸು, ಅವರ ಹಿಂದೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸು ಬಾಗಿಲಲ್ಲಿ ನಿಂತಿದ್ದರು. ಮುಂದಿನ ಬಾಗಿಲು ತಟ್ಟಿದೆವು, ಯಾರೂ ತೆಗೆಯಲಿಲ್ಲ, ಮನೆ ಮಾರುತ್ತಾರೆಂದು ಕೇಳಿ ಬಂದೆವು ಎಂದರು ಅವರು. ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದೇವೆ ಎಂದೂ ಹೇಳಿದರು.

ಏನು ಮಾಡುವುದೆಂದು ನನಗೆ ತೋಚಲಿಲ್ಲ. ಅವ್ವನನ್ನು ಎತ್ತಿಕೊಂಡು ದೇವಸ್ಥಾನಕ್ಕೆ ಓಡುವ ಹಾಗಿರಲಿಲ್ಲ. ಅವ್ವನಂತೂ ಉಪಾಯವನ್ನೆಲ್ಲ ಮರೆತು, ಚಾಪೆಯ ಮೇಲಿಂದಲೇ ಕರೆದಳು.

“ಬನ್ನಿ, ಒಳೀಕ್ ಬನ್ನಿ. ಕಾಲು ಉಳುಕ್ಬುಟ್ಟದೆ, ಏಳಕಾಗಕಿಲ್ಲ.”

ಆ ಹೆಂಗಸು ಸೆರಗು ಸರಿಸಿ ಅವ್ವನ ಮುಖ ನೋಡಿದರು. “ಯಾವೂರವ್ವ ನಿಮ್ದು?” ಎಂದರು.

ಅವ್ವ ಊರು ಹೇಳಿದಳು. ಆಕೆಯ ತವರು ನಾಲೆಯ ಆಚೆ ದಡದ್ದು. ಅಷ್ಟೇ ಸಾಕಾಯಿತು. ಆಕೆ ಒಳಗೆ ಬಂದು ನನ್ನ ಕೈಯಿಂದ ಪಟ್ಟಿನ ಬಟ್ಟಲು ತೆಗೆದುಕೊಂಡು ತಾವೇ ಅವ್ವನ ಕಾಲು ಹಿಡಿದು ಕೂತರು. ಹೀಗಲ್ಲ, ಇದಕ್ಕೆ ಉಪ್ಪು ಹಾಕಬೇಕು ಎಂದರು. ಅವ್ವ ಉಪ್ಪಿನ ಮರಿಗೆ ತೋರಿಸಿದಳು. ಯಾರ ಮನೆಯ ಯಾರು, ಯಾರ ಮಗಳನ್ನು ಎಲ್ಲಿಗೆ ಕೊಟ್ಟರು ಎಂದು ಇಬ್ಬರೂ ಮಾತಿಗೆ ಬಿದ್ದರು. ಆ ಮಾತಿನ ನಡುವೆಯೇ ಅವ್ವ ಎಲ್ಲವನ್ನೂ ಹೇಳಿಬಿಟ್ಟಳು. ನಾವು ಬಾಡಿಗೆಗೆ ಇರುವುದು, ಯುಗಾದಿಗೆ ಬಿಡಬೇಕಾಗಿರುವುದು, ಊರೆಲ್ಲ ಸುತ್ತಿದರೂ ಇಬ್ಬರು ಹೆಂಗಸರಿಗೆ ಯಾರೂ ಮನೆ ಕೊಡದಿರುವುದು. ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

ಮಂಡಿಯವರು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಿದ್ದರು. ಮೂಲೆಯಲ್ಲಿ ಜೋಡಿಸಿಟ್ಟಿದ್ದ ಮಕ್ಕಳ ಪುಸ್ತಕಗಳ ಮೇಲೆ ಅವರ ಕಣ್ಣಿತ್ತು.

“ಇಸ್ಕೂಲ್ ಮೇಡಮ್ಮ ನೀವು?” ಎಂದು ಕೇಳಿದರು.

ಹೌದು, ಹೆಣ್ಣುಮಕ್ಕಳ ಶಾಲೆಯಲ್ಲಿ ಎಂದೆ.

“ನಮ್ಗೂ ಹೆಣ್ಣುಮಕ್ಳೇ,” ಎಂದರು. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಯನ್ನು ಕರೆದುಕೊಂಡು, ಮುಂದಿನ ಭಾಗವನ್ನು ನೋಡದೆಯೇ ಹೊರಟುಹೋದರು.

ಯಜಮಾನರು ಬಂದ ಮೇಲೆ ನಾನೇ ಹೋಗಿ ಹೇಳಿದೆ. ಒಬ್ಬ ಗಿರಾಕಿಯನ್ನು ಅವರು ನಮ್ಮಿಂದ ಕಳೆದುಕೊಂಡರು ಎಂದೇ ನನಗನ್ನಿಸಿತ್ತು. ಅಧಿಕಾರಿಯ ಕಿವಿಗೂ ಸುದ್ದಿ ಬಿದ್ದರೆ ಅದೂ ಹೋಯಿತು. ಯಜಮಾನರು ಕೋಟು ಕಳಚಿ ಗೂಟಕ್ಕೆ ಹಾಕಿ, ಜಗಲಿಯ ಮೇಲೆ ಕೂತರು.

“ಹೋಗಲಿ ಬಿಡಮ್ಮ,” ಎಂದರು. “ನಿಮ್ಮನ್ನ ಬಚ್ಚಿಟ್ಟು ಬಚ್ಚಿಟ್ಟು ನನಗೂ ಸಾಕಾಗಿತ್ತು. ಯಾರೋ ಒಬ್ಬರಿಗಾದರೂ ನಿಜ ಗೊತ್ತಾಯ್ತಲ್ಲ.”

ದಲ್ಲಾಳಿಗೆ ಮಾತ್ರ ಸಿಟ್ಟು ಬಂತು. ಹಿಂದಿನ ಬಾಗಿಲಿಗೆ ಬೀಗ ಹಾಕಿಸಬೇಕಿತ್ತು ಎಂದು ಯಜಮಾನರ ಮುಂದೆ ಕೂಗಾಡಿ ಹೋದ. ಅಧಿಕಾರಿ ಮುಂಗಡ ಕೊಡುವ ದಿನ ಹತ್ತಿರವಾಗುತ್ತಿತ್ತು. ಅವ್ವ ಕುಂಟುತ್ತಲೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು.

ಆ ದಿನಕ್ಕೆ ಮೊದಲೇ, ಒಂದು ಸಂಜೆ, ಮಂಡಿಯವರು ದಲ್ಲಾಳಿಯನ್ನು ಕರೆದುಕೊಂಡು ಮುಂದಿನ ಬಾಗಿಲಿಗೆ ಬಂದರು. ಜಗಲಿಯ ಮೇಲೆ ಕೂರಿ ಎಂದರೂ ಕೂರದೆ, ಕೆಳಗಿನ ಮೆಟ್ಟಿಲ ಮೇಲೆ ಕೂತರು. ನಾನು ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನಿಂತಿದ್ದು ಸರಿಯೋ ತಪ್ಪೋ, ಅಲ್ಲಿಂದ ಕಾಲು ಏಳಲಿಲ್ಲ. ಬೆಲೆಯ ಮಾತು ಬೇಗ ಮುಗಿಯಿತು. ಅಧಿಕಾರಿ ಹೇಳಿದ್ದನ್ನೇ ನಾವೂ ಕೊಡುತ್ತೇವೆ, ಜಾಸ್ತಿಯೂ ಇಲ್ಲ ಕಡಿಮೆಯೂ ಇಲ್ಲ ಎಂದರು ಮಂಡಿಯವರು. ಆಮೇಲೆ ಸ್ವಲ್ಪ ಕೆಮ್ಮಿದರು.

“ನಂದೊಂದು ಷರತ್ತೈತೆ ಸ್ವಾಮಿ. ಇಂದ್ಗಡೆ ಇದ್ದಾರಲ್ಲ, ಆ ಅವ್ವ, ಆ ಮೇಡಮ್ಮು, ಅವ್ರು ಎದ್ದೋಗ್ಬಾರ್ದು. ಅವ್ರಿದ್ರೆ ನಂಗೆ ಈ ಮನೆ ಬೇಕು. ಅವ್ರು ಓಗೋದಾದ್ರೆ ನಾನು ಬೇರೆ ಕಡೆ ನೋಡ್ಕತೀನಿ.”

ದಲ್ಲಾಳಿ ತನ್ನ ಕಸುಬಿನಲ್ಲಿ ಇಂಥ ಗಿರಾಕಿಯನ್ನು ಕಂಡಿರಲಿಕ್ಕಿಲ್ಲ. ಯಜಮಾನರು ಯಾಕೆಂದು ಕೇಳಿದರು. ಮಂಡಿಯವರು ಮೆಲ್ಲಗೆ ವಿವರಿಸಿದರು. ತಾವು ಬೆಳಿಗ್ಗೆ ಮಂಡಿಗೆ ಹೋದರೆ ಸಂಜೆಯವರೆಗೆ ಬರುವ ಹಾಗಿಲ್ಲ. ಹೆಂಡತಿ ಊರು ಬಿಟ್ಟು ಎಲ್ಲೂ ಇದ್ದವಳಲ್ಲ. ಈ ಬೀದಿಯಲ್ಲಿ ತನ್ನ ಜೊತೆ ಯಾರು ಮಾತಾಡುತ್ತಾರೆ, ತನ್ನ ಮಾತಿಗೆ ನಗುತ್ತಾರೆ ಎಂದು ಪಟ್ಟಣಕ್ಕೆ ಬರುವುದಕ್ಕೇ ಹೆದರುತ್ತಿದ್ದಳು. ಮೊನ್ನೆ ಈ ಮನೆಯ ಹಿಂಭಾಗಕ್ಕೆ ಬಂದುಹೋದ ಮೇಲೆ, ಆ ಮನೆಯಾದರೆ ಬರುತ್ತೇನೆ ಎಂದಳು. ಹೆಣ್ಣುಮಕ್ಕಳನ್ನು ಓದಿಸಬೇಕು, ಯಾವ ಶಾಲೆ, ಹೇಗೆ ಸೇರಿಸುವುದು ಎಂದು ತಮಗೆ ಗೊತ್ತಿಲ್ಲ. ಗೊತ್ತಿರುವವರು ಆ ಮನೆಯಲ್ಲೇ ಇದ್ದಾರೆ. ಅಂಥವರನ್ನು ಎಬ್ಬಿಸಿ ತಾವು ಬರಿ ಗೋಡೆ ಕೊಂಡು ಏನು ಮಾಡುವುದು ಎಂದರು.

ನಾನು ಗೋಡೆಗೆ ಒರಗಿಕೊಂಡೆ. ಎದೆಯ ಮೇಲೆ ಎಷ್ಟೋ ತಿಂಗಳಿಂದ ಕೂತಿದ್ದದ್ದು ಎದ್ದುಹೋದ ಹಾಗಾಯಿತು. ಆದರೂ ಪೂರ್ತಿ ಉಸಿರು ಬಿಡಲು ಧೈರ್ಯವಾಗಲಿಲ್ಲ. ಯಜಮಾನರು ಇನ್ನೂ ಒಪ್ಪಿರಲಿಲ್ಲ.

ಒಪ್ಪುವುದು ಅವರಿಗೆ ಸುಲಭವೂ ಇರಲಿಲ್ಲ. ಸುದ್ದಿ ಹಬ್ಬಿದ ಮಾರನೆಯ ದಿನವೇ ಬೀದಿಯ ಹಿರಿಯರು ಕೆಲವರು ಬಂದು ಕೂತರು. ಈ ಬೀದಿಯಲ್ಲಿ ಇದುವರೆಗೆ ಹೊರಗಿನವರಿಗೆ ಮನೆ ಹೋಗಿಲ್ಲ, ಇಂದು ನಿಮ್ಮದು ಹೋದರೆ ನಾಳೆ ಇನ್ನೊಂದು ಹೋಗುತ್ತದೆ, ಅಧಿಕಾರಿಗಳು ಒಪ್ಪಿರುವಾಗ ಇದೇನು ಎಂದು ಬಹಳ ಹೊತ್ತು ಹೇಳಿದರು. ಯಜಮಾನರು ಯಾರ ಮಾತಿಗೂ ಎದುರಾಡಿದವರಲ್ಲ. ಅವತ್ತೂ ತಲೆ ತಗ್ಗಿಸಿ ಕೇಳುತ್ತಿದ್ದರು. ಆಗ ಒಳಗಿನಿಂದ ಅಮ್ಮಾವ್ರು ಬಾಗಿಲವರೆಗೆ ಬಂದರು. ಗಂಡಸರ ನಡುವೆ ಅವರು ಮಾತಾಡಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

“ಆ ಮಂಡಿಯವರಿಗೇ ಕೊಡಿ,” ಎಂದರು ಗಂಡನಿಗೆ. “ಇವರಿಬ್ಬರನ್ನ ಬೀದಿಗೆ ಕಳಿಸಿ, ನಾನು ಮಗಳ ಹತ್ತಿರ ಕೃಷ್ಣಮೂರ್ತಿಪುರಂನಲ್ಲಿ ಕೂತು ನೆಮ್ಮದಿಯಾಗಿ ಊಟ ಮಾಡೋಕಾಗಲ್ಲ.”

ಹೇಳಿ ಒಳಗೆ ಹೋದರು. ಬಂದವರು ಒಬ್ಬೊಬ್ಬರಾಗಿ ಎದ್ದರು. ಯಜಮಾನರು ಅವರನ್ನು ಬೀದಿಯ ತುದಿಯವರೆಗೆ ಕಳಿಸಿಬಂದು, ನೇರವಾಗಿ ನಮ್ಮ ಸಂದಿಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಹೊಸಿಲ ಹೊರಗೆ ನಿಂತು ಅವ್ವನಿಗೆ, “ಗಂಟು ಬಿಚ್ಚಿಬಿಡಿ ತಾಯಿ,” ಎಂದರು.

ಅವ್ವ ಗೋಣಿಚೀಲದ ಪಕ್ಕದಲ್ಲೇ ಕೂತು ಅತ್ತಳು. ಅಪ್ಪ ಹೋದಾಗಲೂ ಅವಳು ಹಾಗೆ ಗಟ್ಟಿಯಾಗಿ ಅತ್ತಿರಲಿಲ್ಲ. ನನಗೆ ಮಾತ್ರ ಅಳು ಬರಲಿಲ್ಲ. ವಿಪರೀತ ಹಸಿವಾಯಿತು. ಅನ್ನಕ್ಕೆ ಸಾರೂ ಇಲ್ಲದೆ ಮಜ್ಜಿಗೆ ಕಲಸಿಕೊಂಡು ತಿಂದೆ, ಮಲಗಿದೆ. ಬೆಳಿಗ್ಗೆ ಎಚ್ಚರವಾದಾಗ ಬಿಸಿಲು ಕಿಟಕಿಯೊಳಗೆ ಬಂದಿತ್ತು. ಶಾಲೆಗೆ ಹೊತ್ತಾಗಿತ್ತು. ಅವ್ವ ಎಬ್ಬಿಸಿರಲಿಲ್ಲ.

ಈಗ ಮನೆ ಹುಡುಕುವ ಸರದಿ ಯಜಮಾನರದಾಯಿತು. ಮಗಳ ಮನೆಗೆ ಹತ್ತಿರವಾಗಿ, ಕೃಷ್ಣಮೂರ್ತಿಪುರಂನಲ್ಲೇ ಸಣ್ಣದೊಂದು ಮನೆ ಬೇಕಿತ್ತು. ಹುಟ್ಟಿದಾಗಿನಿಂದ ಸ್ವಂತ ಸೂರಿನ ಕೆಳಗಿದ್ದವರು ಇನ್ನೊಬ್ಬರ ಬಾಗಿಲಲ್ಲಿ ನಿಂತು ಮನೆ ಕೇಳಬೇಕು. ಒಬ್ಬರೇ ಹೋಗಲು ಅವರಿಗೆ ಮುಜುಗರ. ನಾನು ಜೊತೆಗೆ ಹೋದೆ. ಒಂದು ಮನೆಯಲ್ಲಿ ಮಾಲೀಕರು ನನಗಿಂತ ಸ್ವಲ್ಪ ದೊಡ್ಡವರಿರಬಹುದು, ಬ್ಯಾಂಕಿನಲ್ಲಿ ಕೆಲಸ. ಎಷ್ಟು ಜನ ಇರುತ್ತೀರಿ, ನೆಂಟರು ಬಂದು ತಿಂಗಳುಗಟ್ಟಲೆ ಉಳಿಯುತ್ತಾರಾ, ನಲ್ಲಿ ನೀರು ಎಷ್ಟು ಬೇಕು ಎಂದು ಒಂದಾದ ಮೇಲೊಂದು ಕೇಳಿದರು. ಅರಮನೆಯ ಉಗ್ರಾಣ ಎಂದು ಯಜಮಾನರು ಹೇಳಿದಾಗ, ಈಗಲೂ ಸಂಬಳ ಬರುತ್ತದೆಯೇ ಎಂದರು. ಯಜಮಾನರು ಪೇಟ ಸರಿಮಾಡಿಕೊಂಡರು.

ನಾನು ಮಧ್ಯೆ ಬಾಯಿ ಹಾಕಿ, ಇವರ ಮನೆಯಲ್ಲಿ ನಾವು ಇಷ್ಟು ವರ್ಷ ಬಾಡಿಗೆಗಿದ್ದೆವು, ಇವರು ಎಂಥವರೆಂದು ನನ್ನನ್ನು ಕೇಳಿ ಎಂದೆ. ಬ್ಯಾಂಕಿನವರು ಒಂದು ಕ್ಷಣ ಅರ್ಥವಾಗದೆ ನೋಡಿದರು. ನಂತರ ನಕ್ಕುಬಿಟ್ಟರು. ಬಾಡಿಗೆದಾರರು ಮಾಲೀಕರ ಪರವಾಗಿ ಹೇಳಿದ್ದನ್ನು ಇದುವರೆಗೆ ಕೇಳಿಯೇ ಇಲ್ಲ ಎಂದು ಹೇಳಿ, ಬೀಗದ ಕೈ ತಂದುಕೊಟ್ಟರು.

ರಿಜಿಸ್ಟ್ರಿಯ ದಿನ ಅಣ್ಣತಮ್ಮಂದಿರು ಇಬ್ಬರೂ ಬಂದಿದ್ದರು. ಮೂವರೂ ಒಟ್ಟಿಗೆ ಕಚೇರಿಗೆ ಹೋಗಿ ರುಜು ಹಾಕಿ ಬಂದು, ತೊಟ್ಟಿಯ ಸುತ್ತ ಕೂತು ಊಟ ಮಾಡಿದರು. ಚಿಕ್ಕಂದಿನ ಯಾವುದೋ ಮಾತಿಗೆ ಜೋರಾಗಿ ನಗುತ್ತಿದ್ದುದು ಹಲಗೆಯ ಗೋಡೆಯ ಈಚೆಗೆ ಕೇಳಿಸುತ್ತಿತ್ತು. ಮನೆ ಹೋದ ದಿನ ಅಲ್ಲಿ ದುಃಖವಿರುತ್ತದೆ ಎಂದುಕೊಂಡಿದ್ದೆ. ಜಗಳವಿಲ್ಲದೆ ಮುಗಿಯಿತೆಂಬ ಸಮಾಧಾನವೇ ಅವರಿಗೆ ದೊಡ್ಡದಾಗಿತ್ತೆಂದು ಕಾಣುತ್ತದೆ.

ಯುಗಾದಿ ಕಳೆದ ಮೇಲೆ ಮಂಡಿಯವರ ಸಂಸಾರ ಎತ್ತಿನ ಗಾಡಿಯಲ್ಲಿ ಬಂತು. ಹೆಣ್ಣುಮಕ್ಕಳು ಗಾಡಿಯಿಂದ ಇಳಿದವರೇ ಅಮ್ಮನ ಹಿಂದೆ ಅಡಗಿಕೊಂಡರು. ಬೇಸಿಗೆ ರಜೆಯಲ್ಲಿ ನಾನು ಅವರಿಗೆ ಸಂಜೆ ಪಾಠ ಹೇಳಿ, ರಜೆ ಮುಗಿದ ಮೇಲೆ ನಮ್ಮ ಶಾಲೆಗೇ ಸೇರಿಸಿದೆ. ದೊಡ್ಡವಳು ಮೊದಲ ವಾರವೆಲ್ಲ ನನ್ನ ಸೆರಗು ಬಿಡಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಬೀದಿಯ ಹುಡುಗಿಯರಿಗೆಲ್ಲ ಅವಳೇ ಮುಂದಾಳು. ಹಲಗೆಯ ಗೋಡೆಯ ನಡುವೆ ಮುಚ್ಚಿಯೇ ಇರುತ್ತಿದ್ದ ಬಾಗಿಲನ್ನು ಮಂಡಿಯವರ ಹೆಂಡತಿ ಬಂದ ದಿನವೇ ತೆಗೆಸಿಬಿಟ್ಟರು. ಮಾಂಸದಡುಗೆಯ ವಿಚಾರದಲ್ಲಿ ಅವರೇ ಬೀದಿಯವರನ್ನು ಯೋಚಿಸಿ, ಹಬ್ಬ ಹರಿದಿನಗಳಲ್ಲಿ ಮಾಡುತ್ತಿರಲಿಲ್ಲ. ಮಾಡಿದ ದಿನ ಅವ್ವನಿಗೆ ಮೊದಲು ಬರುತ್ತಿತ್ತು. ಬೀದಿಯ ಹಿರಿಯರಲ್ಲಿ ಒಬ್ಬರು ಕೆಲವು ವರ್ಷಗಳಾದ ಮೇಲೆ ತಮ್ಮ ಮನೆಯ ಹಿಂಭಾಗಕ್ಕೆ ಒಳ್ಳೆಯ ಬಾಡಿಗೆದಾರರು ಸಿಗುತ್ತಾರೆಯೇ ಎಂದು ಮಂಡಿಯವರನ್ನೇ ಕೇಳಿಕೊಂಡು ಬಂದರು.

ಯಜಮಾನರು ಮನೆ ಬಿಟ್ಟುಹೋದ ವರ್ಷ ಮಳೆ ಜೋರಾಗಿತ್ತು. ಒಂದು ಭಾನುವಾರ ನಾನೂ ಅವ್ವನೂ ಯಜಮಾನರ ಹೊಸ ಮನೆಗೆ ಹೋದೆವು. ಅಮ್ಮಾವ್ರು ಹಿತ್ತಲಲ್ಲಿ ಮಣೆ ಹಾಕಿ ಅವ್ವನನ್ನು ಕೂರಿಸಿ, ಯಾರು ಏನು ಬೆಲೆಗೆ ಯಾವ ಮನೆ ಕೊಂಡರು, ಯಾರು ಎಲ್ಲಿಗೆ ಹೋದರು ಎಂದು ಬೀದಿಯ ಸುದ್ದಿಯನ್ನೆಲ್ಲ ಕೇಳತೊಡಗಿದರು. ಯಜಮಾನರು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ನಡುಮನೆಯ ಮೂಲೆ ತೋರಿಸಿದರು. ಮಾಳಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಒಂದು ಹಿತ್ತಾಳೆ ತಪ್ಪಲೆ ಇಟ್ಟಿದ್ದರು. ಛೆ, ಹೀಗಾಯಿತೇ ಎಂದು ನಾನು ಪೇಚಾಡಿದೆ.

“ನನಗೇನಮ್ಮ?” ಎಂದರು ಅವರು. ಮುಖದಲ್ಲಿ ಎಂದೂ ಕಾಣದ ನಗು. “ಅಲ್ಲಿ ಮೋಡ ಕಂಡರೆ ಸಾಕು, ಹೆಂಚು ಸರಿಮಾಡೋರನ್ನ ಹುಡುಕ್ಕೊಂಡು ಓಡ್ತಿದ್ದೆ. ಇಲ್ಲಿ ಮಾಲೀಕರಿಗೆ ಹೇಳಿಕಳಿಸಿದೀನಿ. ಅವರು ನೋಡ್ಕೋತಾರೆ.”

ಹೇಳಿ, ಈಜಿಚೇರಿನಲ್ಲಿ ಒರಗಿ ಕಾಲು ಚಾಚಿ, ಅಮ್ಮಾವ್ರಿಗೆ ಕಾಫಿ ತರಲು ಕೂಗಿದರು.